ಅಪ್‌ಗ್ರೇಡ್ ಸಾಕಾ, ಪೂರ್ತಿ ಫಾರ್ಮ್ಯಾಟ್ ಬೇಕಾ? ಕಂಪ್ಯೂಟರ್ ನೋಡಿ ನಿರ್ಧರಿಸಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದಕ್ಕೂ ಮುಂಚಿನಿಂದಲೇ ಇದ್ದ ಪ್ರಶ್ನೆಯೊಂದು ಈಗ ಇನ್ನೂ ಜಾಸ್ತಿ ಕೇಳಿಬರುತ್ತಿದೆ. ಇದ್ದದ್ದನ್ನು ಇದ್ದ ಹಾಗೇ ಇಟ್ಟುಕೊಂಡು 11ಕ್ಕೆ ಅಪ್‌ಗ್ರೇಡ್ ಆಗೋದಾ, ಇಲ್ಲ ಎಲ್ಲ ಅಳಿಸಿ ಹೊಸದಾಗಿ ಹಾಕೋದಾ?

ಕೇಳಿದವರಿಗೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಸುಮ್ನೆ ಫಾರ್ಮ್ಯಾಟ್ ಮಾಡಿಬಿಡಿ, ಹೊಸದರ ಹಾಗೆ ಓಡುತ್ತೆ." ಕೆಲವರ ಮಟ್ಟಿಗೆ ಈ ಮಾತು ಸರಿ. ಉಳಿದವರಿಗೆ ಅದು ದಿನಗಟ್ಟಲೆ ತಲೆನೋವು. ಹಳೇ ಸಾಫ್ಟ್‌ವೇರಿನ ಕೀ ಸಿಗುವುದಿಲ್ಲ, ಪ್ರಿಂಟರ್ ಕೆಲಸ ಮಾಡುವುದಿಲ್ಲ, ಡೆಸ್ಕ್‌ಟಾಪ್ ಮೇಲಿದ್ದ ಫೈಲುಗಳು ಹೋಗಿರುತ್ತವೆ. ಇಷ್ಟೆಲ್ಲ ಆದ ಮೇಲೂ ಕಂಪ್ಯೂಟರ್ ಮೊದಲಿನಷ್ಟೇ ನಿಧಾನ ಇರಬಹುದು, ಯಾಕೆಂದರೆ ತೊಂದರೆ ಇದ್ದದ್ದು ಹಾರ್ಡ್ ಡಿಸ್ಕಿನಲ್ಲಿ. ಹಾಗಾಗಿ ಯಾವ ವಿಧಾನ ಒಳ್ಳೆಯದು ಅಂತ ಕೇಳುವ ಮುಂಚೆ ನಿಮ್ಮ ಕಂಪ್ಯೂಟರ್ ಈಗ ಹೇಗಿದೆ ಅಂತ ನೋಡಿ. ಚೆನ್ನಾಗಿ ಓಡುತ್ತಿದ್ದರೆ ಅಪ್‌ಗ್ರೇಡ್ ಮಾಡಿ. ಕೆಟ್ಟಿದ್ದರೆ, ಕೆಟ್ಟಿರುವುದು ಸಾಫ್ಟ್‌ವೇರೇ ಅಂತ ಖಾತ್ರಿಯಾದ ಮೇಲೆ ಮಾತ್ರ ಕ್ಲೀನ್ ಇನ್‌ಸ್ಟಾಲ್‌ಗೆ, ಅಂದರೆ ಎಲ್ಲ ಅಳಿಸಿ ಹೊಸದಾಗಿ ಹಾಕುವುದಕ್ಕೆ, ಕೈ ಹಾಕಿ.

## ಒಳಗೆ ನಡೆಯುವುದು ಏನು?

ಅಪ್‌ಗ್ರೇಡ್ ಅಂದರೆ ಹಳೇ ಗೋಡೆ ಕೆರೆಯದೆ ಮೇಲೆ ಬಣ್ಣ ಬಳಿದ ಹಾಗೆ ಅಂತ ತುಂಬಾ ಜನ ನಂಬಿದ್ದಾರೆ. ವಿಂಡೋಸ್ ವಿಷಯದಲ್ಲಿ ಇದು ನಿಜ ಅಲ್ಲ. ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಹೋಗುವಾಗ ಸೆಟಪ್ ಹಳೇ ವಿಂಡೋಸನ್ನು 'ವಿಂಡೋಸ್ ಡಾಟ್ ಓಲ್ಡ್' ಅನ್ನುವ ಫೋಲ್ಡರಿಗೆ ಸರಿಸುತ್ತದೆ. ಆ ಜಾಗದಲ್ಲಿ ಹೊಸ ವಿಂಡೋಸಿನ ಪೂರ್ತಿ ಪ್ರತಿಯನ್ನೇ ಇಳಿಸುತ್ತದೆ. ಆಮೇಲೆ ನಿಮ್ಮ ಪ್ರೋಗ್ರಾಂ, ಸೆಟ್ಟಿಂಗ್, ಡ್ರೈವರ್ (ಪ್ರಿಂಟರ್, ವೈಫೈನಂಥವನ್ನು ನಡೆಸುವ ಸಾಫ್ಟ್‌ವೇರ್), ಫೈಲುಗಳನ್ನು ಹೊಸದರೊಳಗೆ ತಂದು ಜೋಡಿಸುತ್ತದೆ.

ಅಂದರೆ ಸಿಸ್ಟಂ ಫೈಲುಗಳು ಎರಡೂ ದಾರಿಯಲ್ಲಿ ಹೊಸವೇ. ಜೊತೆಗೆ ಏನೇನು ಬರುತ್ತದೆ ಅನ್ನುವುದೊಂದೇ ವ್ಯತ್ಯಾಸ. ಕಂಪ್ಯೂಟರ್ ಆನ್ ಆದ ಕೂಡಲೇ ತಾನಾಗಿ ಶುರುವಾಗುವ ಪ್ರೋಗ್ರಾಂಗಳಿದ್ದರೆ ಅಪ್‌ಗ್ರೇಡ್ ಆದ ಮೇಲೂ ಅವು ಹಾಗೇ ಶುರುವಾಗುತ್ತವೆ. ಎಂದೋ ತೆಗೆದುಹಾಕಿದ ಆಂಟಿವೈರಸ್ ಬಿಟ್ಟುಹೋದ ಚೂರುಪಾರು, ಹಳೇ ಡ್ರೈವರು, ಬ್ರೌಸರಿಗೆ ಅಂಟಿಕೊಂಡ ಬೇಡದ ಎಕ್ಸ್‌ಟೆನ್ಷನ್, ಇವೂ ಬರುತ್ತವೆ. ನೀವು ವರ್ಷಗಟ್ಟಲೆ ಕೂತು ಹೊಂದಿಸಿಕೊಂಡ ಎಲ್ಲವೂ ಅದೇ ರೀತಿ ಬರುತ್ತದೆ, ಅದನ್ನೂ ಮರೆಯಬೇಡಿ.

ಕ್ಲೀನ್ ಇನ್‌ಸ್ಟಾಲ್‌ನಲ್ಲಿ ವಿಂಡೋಸ್ ಇರುವ ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) ಅಳಿಸಿ ಶುರು ಮಾಡುತ್ತೇವೆ. ಏನೂ ಬರುವುದಿಲ್ಲ. ಬೇಕಾದದ್ದನ್ನು ನೀವೇ ಮತ್ತೆ ತರಬೇಕು.

## ಮೊದಲ ಹೆಜ್ಜೆ: ಕಂಪ್ಯೂಟರಿನ ನಾಡಿ ನೋಡಿ

ಸ್ಲೋ ಆಗಿದೆ ಅನ್ನುವ ಕಾರಣಕ್ಕೆ ಫಾರ್ಮ್ಯಾಟ್ ಮಾಡುವ ಯೋಚನೆ ಇದ್ದರೆ ಮೊದಲು ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿದರೆ ಬರುತ್ತದೆ. ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ, ಕಂಪ್ಯೂಟರ್ ನಿಧಾನವಾದಾಗ ಯಾವುದು ತುದಿ ಮುಟ್ಟುತ್ತಿದೆ ನೋಡಿ.

ಡಿಸ್ಕ್ ಪದೇ ಪದೇ 100 ಪರ್ಸೆಂಟ್ ತೋರಿಸುತ್ತಿದೆಯಾ? ಅದು ತಿರುಗುವ ಭಾಗವಿಲ್ಲದ ವೇಗದ ಎಸ್‌ಎಸ್‌ಡಿ ಅಲ್ಲ, ತಿರುಗುವ ಹಳೇ ಹಾರ್ಡ್ ಡಿಸ್ಕಾ? ಹಾಗಿದ್ದರೆ ಉತ್ತರ ಸಿಕ್ಕಿತು. ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಅದರ ವೇಗ ಬದಲಾಗುವುದಿಲ್ಲ. ಎಸ್‌ಎಸ್‌ಡಿ ಹಾಕಿಸಿ. ಹಾಕಿಸುವುದಾದರೆ ಕ್ಲೀನ್ ಇನ್‌ಸ್ಟಾಲ್‌ಗೆ ಅದಕ್ಕಿಂತ ಒಳ್ಳೆ ಸಂದರ್ಭ ಇನ್ನೊಂದಿಲ್ಲ. ಹೊಸ ಎಸ್‌ಎಸ್‌ಡಿ ಮೇಲೆ ಹೊಸ ವಿಂಡೋಸ್ ಹಾಕುತ್ತೀರಿ, ಹಳೇ ಡಿಸ್ಕು ಇದ್ದ ಹಾಗೇ ಪಕ್ಕದಲ್ಲಿ ಉಳಿಯುತ್ತದೆ. ಯಾವುದೋ ಫೈಲು ಬಿಟ್ಟುಹೋಯಿತು ಅಂತ ತಿಂಗಳಾದ ಮೇಲೆ ನೆನಪಾದರೂ ಅದರಿಂದ ತೆಗೆದುಕೊಳ್ಳಬಹುದು.

ಮೆಮೊರಿ ತುಂಬಿ ತುಳುಕುತ್ತಿದ್ದರೆ ರ‍್ಯಾಮ್ ಜಾಸ್ತಿ ಮಾಡಿಸಿ. ವಿಂಡೋಸ್ 11ಕ್ಕೆ 4 ಜಿಬಿ ಸಾಕು ಅಂತ ನಿಯಮ ಹೇಳುತ್ತದೆ. ನಾಲ್ಕರಲ್ಲಿ ನಡೆಸುವುದು ಕಷ್ಟ, 8 ಇದ್ದರೆ ದಿನದ ಕೆಲಸ ಸಲೀಸಾಗಿ ನಡೆಯುತ್ತದೆ. ಫ್ಯಾನ್ ಜೋರಾಗಿ ಕೂಗುತ್ತಾ ತಳ ಬಿಸಿಯಾಗುತ್ತಿದ್ದರೆ ಒಳಗಿನ ಧೂಳು ತೆಗೆಸಿ. ಸಿ ಡ್ರೈವ್ ತುಂಬಿ ಕೆಂಪು ಗೆರೆ ಬಂದಿದ್ದರೆ ಜಾಗ ಖಾಲಿ ಮಾಡಿ. ಇವುಗಳಿಗೆಲ್ಲ ಫಾರ್ಮ್ಯಾಟ್ ಔಷಧಿ ಅಲ್ಲ.

ಹಾರ್ಡ್‌ವೇರ್ ಹೊಂದುತ್ತದಾ ಅನ್ನುವುದನ್ನೂ ಈಗಲೇ ನೋಡಿ. 2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11ಕ್ಕೆ ಟಿಪಿಎಂ 2.0 (ಗುಟ್ಟಿನ ಕೀಗಳನ್ನು ಕಾಪಾಡುವ ಭದ್ರತಾ ವ್ಯವಸ್ಥೆ), ಯುಇಎಫ್‌ಐ (ಕಂಪ್ಯೂಟರನ್ನು ಶುರು ಮಾಡಿಸುವ ಹೊಸ ಬಗೆಯ ವ್ಯವಸ್ಥೆ), ಸೆಕ್ಯೂರ್ ಬೂಟ್ (ನಂಬಿಕಸ್ತ ಸಾಫ್ಟ್‌ವೇರಿನಿಂದ ಮಾತ್ರ ಶುರುವಾಗುವ) ಸೌಲಭ್ಯ, 64 ಜಿಬಿ ಡಿಸ್ಕ್ ಬೇಕು. ಪ್ರೊಸೆಸರ್ ಸಾಮಾನ್ಯವಾಗಿ ಇಂಟೆಲ್ 8ನೇ ತಲೆಮಾರು ಅಥವಾ ಎಎಂಡಿ ರೈಜನ್ 2000 ಸರಣಿಯಿಂದ ಮೇಲಿನದಾಗಿರಬೇಕು. ಮೈಕ್ರೋಸಾಫ್ಟಿನ ಪಿಸಿ ಹೆಲ್ತ್ ಚೆಕ್ ಹಾಕಿ ಓಡಿಸಿದರೆ ಯಾವುದು ಕಡಿಮೆ ಇದೆ ಅಂತ ಹೇಳುತ್ತದೆ. ಟಿಪಿಎಂ ಇಲ್ಲ ಅಂದ ತಕ್ಷಣ ಕೈಬಿಡಬೇಡಿ. ಎಷ್ಟೋ ಕಂಪ್ಯೂಟರುಗಳಲ್ಲಿ ಅದು ಇರುತ್ತದೆ, ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ವಿಂಡೋಸಿಗೂ ಮುಂಚೆ ತೆರೆಯುವ ಸೆಟ್ಟಿಂಗ್ ಪುಟ) ಆಫ್ ಆಗಿರುತ್ತದೆ ಅಷ್ಟೇ. ಇಂಟೆಲ್ ಬೋರ್ಡುಗಳಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ನಿಜವಾಗಿಯೂ ಇಲ್ಲದಿದ್ದರೆ ಕ್ಲೀನ್ ಇನ್‌ಸ್ಟಾಲ್ ಮಾಡಿದರೂ ಇದೇ ತಪಾಸಣೆ ಎದುರಾಗುತ್ತದೆ.

## ಯಾರಿಗೆ ಯಾವುದು?

ಕಂಪ್ಯೂಟರ್ ಆರೋಗ್ಯವಾಗಿದ್ದರೆ ಅಪ್‌ಗ್ರೇಡ್ ಸಾಕು. ಕೆಲಸದ ಕಂಪ್ಯೂಟರ್, ಅದರಲ್ಲಿ ಹತ್ತಾರು ಪ್ರೋಗ್ರಾಂ, ಅರ್ಧಕ್ಕೆ ಲೈಸೆನ್ಸ್ ಕೀ ಎಲ್ಲಿದೆ ಗೊತ್ತಿಲ್ಲ ಅನ್ನುವವರೂ ಅಪ್‌ಗ್ರೇಡನ್ನೇ ಮೊದಲು ನೋಡಬೇಕು. ಇನ್ನೂ ಒಂದು ಮಾತಿದೆ. ಅಪ್‌ಗ್ರೇಡ್ ಇಷ್ಟವಾಗದಿದ್ದರೆ ನಾಳೆ ಫಾರ್ಮ್ಯಾಟ್ ಮಾಡಬಹುದು. ಫಾರ್ಮ್ಯಾಟ್ ಮಾಡಿದ ಮೇಲೆ ವಾಪಸ್ ಬರಲು ದಾರಿ ಇಲ್ಲ. ಎರಡರ ನಡುವೆ ಮನಸ್ಸು ತೂಗುತ್ತಿದ್ದರೆ ಈ ಒಂದು ಕಾರಣ ಸಾಕು.

ಕ್ಲೀನ್ ಇನ್‌ಸ್ಟಾಲ್ ಬೇಕೇ ಬೇಕು ಅನ್ನುವ ಸಂದರ್ಭಗಳೂ ಇವೆ. ವೈರಸ್ ಹೊಕ್ಕಿದ್ದು, ಪೂರ್ತಿ ಹೋಗಿದೆಯಾ ಅಂತ ಅನುಮಾನ ಇದ್ದರೆ ಅಳಿಸಿ ಹಾಕಿ. ಅಪ್‌ಗ್ರೇಡ್ ಮಾಡಿದರೆ ಅದೂ ಜೊತೆಗೆ ಬರಬಹುದು. ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಂಡವರಿಗೂ ಇದೇ ಮಾತು, ಹಿಂದಿನವರು ಏನೇನು ಹಾಕಿದ್ದರೋ ಯಾರಿಗೆ ಗೊತ್ತು ಅಲ್ವಾ? 32 ಬಿಟ್ ವಿಂಡೋಸ್ ಇದ್ದರೆ ಬೇರೆ ದಾರಿಯೇ ಇಲ್ಲ. ಅದರಿಂದ 64 ಬಿಟ್‌ಗೆ ಅಪ್‌ಗ್ರೇಡ್ ಆಗಲು ಬರುವುದಿಲ್ಲ, ವಿಂಡೋಸ್ 11 ಇರುವುದು 64 ಬಿಟ್‌ನಲ್ಲಿ ಮಾತ್ರ. ವಿಂಡೋಸ್ 7ರಲ್ಲೇ ಉಳಿದವರೂ 11ಕ್ಕೆ ಹೋಗುವುದಾದರೆ ಹೊಸದಾಗಿಯೇ ಹಾಕಬೇಕು.

ಈ ಎರಡರ ಮಧ್ಯೆ ಇನ್ನೊಂದು ದಾರಿ ಇದೆ, ಅದನ್ನು ಬಳಸುವವರು ಕಡಿಮೆ. ಈಗಿರುವ ವಿಂಡೋಸ್ ಅಲ್ಲಲ್ಲಿ ಕೆಟ್ಟಿದೆ, ಅಪ್‌ಡೇಟ್ ಆಗುತ್ತಿಲ್ಲ, ಸ್ಟಾರ್ಟ್ ಮೆನು ತೆರೆಯುತ್ತಿಲ್ಲ, ಆದರೆ ಪ್ರೋಗ್ರಾಂಗಳು ಬೇಕು ಅನ್ನಿ. ಆಗ ಅದೇ ಆವೃತ್ತಿಯ ಐಎಸ್‌ಒ ಫೈಲ್ (ವಿಂಡೋಸ್ ಸೆಟಪ್ ಪೂರ್ತಿ ಇರುವ ಒಂದೇ ಫೈಲು) ಇಳಿಸಿಕೊಂಡು, ವಿಂಡೋಸ್ ಒಳಗಿಂದಲೇ ಅದರ ಸೆಟಪ್ ಓಡಿಸಿ. ಪ್ರೋಗ್ರಾಂ ಮತ್ತು ಫೈಲುಗಳನ್ನು ಉಳಿಸು ಅನ್ನುವುದನ್ನು ಆರಿಸಿದರೆ ಎಲ್ಲ ಇದ್ದ ಹಾಗೇ ಇದ್ದು ಸಿಸ್ಟಂ ಫೈಲುಗಳು ಮಾತ್ರ ಹೊಸದಾಗುತ್ತವೆ. ಇದಕ್ಕೆ ರಿಪೇರ್ ಇನ್‌ಸ್ಟಾಲ್ ಅನ್ನುತ್ತಾರೆ. ಫಾರ್ಮ್ಯಾಟ್ ಮಾಡಲು ಹೊರಟವರು ಬ್ಯಾಕಪ್ ಮಾಡಿಕೊಂಡು ಒಮ್ಮೆ ಇದನ್ನು ಮಾಡಿ ನೋಡಿ, ಅಲ್ಲಿಗೇ ಕೆಲಸ ಮುಗಿಯಬಹುದು. 'ರಿಸೆಟ್ ದಿಸ್ ಪಿಸಿ' ಬೇರೆ. ಅದರಲ್ಲಿ ಫೈಲುಗಳನ್ನು ಉಳಿಸಿಕೊಂಡರೂ ನೀವು ಹಾಕಿದ ಪ್ರೋಗ್ರಾಂಗಳು ಹೋಗುತ್ತವೆ.

## ಬ್ಯಾಕಪ್: ಇದಿಲ್ಲದೆ ಮುಂದೆ ಹೋಗಬೇಡಿ

ಅಪ್‌ಗ್ರೇಡ್ ಆದರೂ ಸರಿ, ಕ್ಲೀನ್ ಇನ್‌ಸ್ಟಾಲ್ ಆದರೂ ಸರಿ, ಬ್ಯಾಕಪ್ ಬೇಕು. ಅಪ್‌ಗ್ರೇಡ್ ನಡೆಯುವಾಗ ಕರೆಂಟ್ ಹೋಗಬಹುದು, ವಯಸ್ಸಾದ ಡಿಸ್ಕು ಅವತ್ತೇ ಕೈಕೊಡಬಹುದು.

ಡಿ ಡ್ರೈವಿಗೆ ಕಾಪಿ ಮಾಡಿದ್ದೇನೆ ಅಂದರೆ ಅದು ಬ್ಯಾಕಪ್ ಅಲ್ಲ. ಸಿ ಮತ್ತು ಡಿ ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಭಾಗ. ಡಿಸ್ಕ್ ಹೋದರೆ ಎರಡೂ ಹೋಗುತ್ತವೆ. ಪಾರ್ಟಿಷನ್ ಅಳಿಸುವಾಗ ಕೈ ತಪ್ಪಿ ಒಂದರ ಬದಲು ಇನ್ನೊಂದು ಅಳಿಸಿದರೂ ಅಷ್ಟೇ. ಬೇರೆ ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿ, ಆಮೇಲೆ ಅದನ್ನು ಕಂಪ್ಯೂಟರಿನಿಂದ ಬಿಚ್ಚಿಡಿ.

ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್, ಇವು ಎಲ್ಲರಿಗೂ ನೆನಪಿರುತ್ತವೆ. ಮರೆತುಹೋಗುವುದು ಬೇರೆಯವು. ಬ್ರೌಸರಿನ ಬುಕ್‌ಮಾರ್ಕ್ ಮತ್ತು ಉಳಿಸಿದ ಪಾಸ್‌ವರ್ಡ್‌ಗಳು. ಔಟ್‌ಲುಕ್‌ನಂಥ ಮೇಲ್ ಪ್ರೋಗ್ರಾಂಗಳು ಡಿಸ್ಕಿನಲ್ಲೇ ಇಟ್ಟುಕೊಂಡ ಮೇಲ್ ಫೈಲು. ನೀವಾಗಿ ಹಾಕಿಕೊಂಡ ಫಾಂಟ್‌ಗಳು. ಲೆಕ್ಕಪತ್ರದ ಸಾಫ್ಟ್‌ವೇರ್ ಸಿ ಡ್ರೈವಿನ ಮೂಲೆಯಲ್ಲೆಲ್ಲೋ ಮಾಡಿಕೊಂಡ ಡೇಟಾ ಫೋಲ್ಡರ್. ಯೂಸರ್ ಫೋಲ್ಡರಿನ ಒಳಗೆ ಮರೆಯಲ್ಲಿರುವ 'ಆಪ್ ಡೇಟಾ'ದಲ್ಲೂ ಎಷ್ಟೋ ಪ್ರೋಗ್ರಾಂಗಳು ತಮ್ಮ ಸೆಟ್ಟಿಂಗ್ ಇಟ್ಟಿರುತ್ತವೆ. ಯೋಚಿಸಿ ಪಟ್ಟಿ ಮಾಡುವುದಕ್ಕಿಂತ ನಿಮ್ಮ ಯೂಸರ್ ಫೋಲ್ಡರನ್ನು ಪೂರ್ತಿಯಾಗಿ ಕಾಪಿ ಮಾಡುವುದು ಲೇಸು. ಅದರ ಹೊರಗಿರುವುದನ್ನು ಬೇರೆಯಾಗಿ ಹುಡುಕಿ.

ಒನ್‌ಡ್ರೈವ್ ಬಳಸುವವರು ಇನ್ನೊಂದು ವಿಷಯ ಗಮನಿಸಿ. ಫೈಲಿನ ಪಕ್ಕ ಮೋಡದ ಚಿತ್ರ ಇದ್ದರೆ ಆ ಫೈಲು ನಿಮ್ಮ ಡಿಸ್ಕಿನಲ್ಲಿ ಇಲ್ಲ, ಕ್ಲೌಡಿನಲ್ಲಿ ಮಾತ್ರ ಇದೆ. ಹಸಿರು ಗುರುತು ಇದ್ದರೆ ಎರಡೂ ಕಡೆ ಇದೆ. ಎರಡು ಬಾಣ ಸುತ್ತುತ್ತಿದ್ದರೆ ಇನ್ನೂ ಹೋಗಿ ಮುಟ್ಟಿಲ್ಲ, ಮುಗಿಯುವ ತನಕ ಕಾಯಿರಿ.

ಇನ್ನು ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ, ಮಾಲೀಕರಿಗೆ ಅದರ ಸುಳಿವೇ ಇರುವುದಿಲ್ಲ. ಬಯಾಸ್‌ನಲ್ಲಿ ಟಿಪಿಎಂ ಅಥವಾ ಸೆಕ್ಯೂರ್ ಬೂಟ್ ಬದಲಿಸಿದರೆ ಮುಂದಿನ ಸಲ ಆನ್ ಮಾಡಿದಾಗ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳಬಹುದು. ಕೀ ಇಲ್ಲದಿದ್ದರೆ ಡಿಸ್ಕಿನಲ್ಲಿರುವುದು ನಿಮಗೂ ಸಿಗುವುದಿಲ್ಲ. ಮೈಕ್ರೋಸಾಫ್ಟ್ ಅಕೌಂಟ್‌ಗೆ ಬ್ರೌಸರಿನಲ್ಲಿ ಲಾಗಿನ್ ಆಗಿ ಆ ಕೀ ಹುಡುಕಿ, ಕಾಗದದ ಮೇಲೆ ಬರೆದಿಡಿ. ಬಯಾಸ್ ಮುಟ್ಟುವ ಮುಂಚೆಯೇ ಈ ಕೆಲಸ ಮುಗಿದಿರಬೇಕು.

ಇಷ್ಟು ಕಂಪ್ಯೂಟರುಗಳಲ್ಲಿ ಮಾತ್ರ ಬಳಸಬಹುದು ಅಂತ ಲೆಕ್ಕ ಇಡುವ ಸಾಫ್ಟ್‌ವೇರುಗಳಿದ್ದರೆ ಅಳಿಸುವ ಮುಂಚೆ ಅವುಗಳಿಂದ ಸೈನ್ ಔಟ್ ಆಗಿ ಅಥವಾ ಡಿಆಕ್ಟಿವೇಟ್ ಮಾಡಿ. ಎಲ್ಲ ಮುಗಿದ ಮೇಲೆ ಬ್ಯಾಕಪ್ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ ಅಲ್ಲೊಂದು ಇಲ್ಲೊಂದು ಫೈಲ್ ತೆರೆದು ನೋಡಿ. ತೆರೆದರೆ ಅದು ಬ್ಯಾಕಪ್.

## ಅಪ್‌ಗ್ರೇಡ್ ಮಾಡುವುದು

ಸಿ ಡ್ರೈವಿನಲ್ಲಿ ಧಾರಾಳ ಜಾಗ ಇರಲಿ. ಹಳೇ ವಿಂಡೋಸ್ ಮತ್ತು ಹೊಸದು ಎರಡೂ ಸ್ವಲ್ಪ ದಿನ ಒಟ್ಟಿಗೆ ಇರಬೇಕಲ್ಲ, ಹಾಗಾಗಿ 30 ಜಿಬಿ ಖಾಲಿ ಇದ್ದರೆ ನಿಶ್ಚಿಂತೆ. ಬೇಡದ ಪ್ರೋಗ್ರಾಂಗಳನ್ನು ಈಗಲೇ ಅನ್‌ಇನ್‌ಸ್ಟಾಲ್ ಮಾಡಿ. ಬೇರೆ ಕಂಪನಿಯ ಆಂಟಿವೈರಸ್ ಇದ್ದರೆ ತೆಗೆಯಿರಿ, ಅಪ್‌ಗ್ರೇಡ್ ಅರ್ಧಕ್ಕೆ ನಿಲ್ಲಲು ಅದೂ ಒಂದು ಸಾಮಾನ್ಯ ಕಾರಣ. ಪ್ರಿಂಟರ್, ಪೆನ್‌ಡ್ರೈವ್, ಎಕ್ಸ್‌ಟರ್ನಲ್ ಡಿಸ್ಕ್ ಎಲ್ಲ ಬಿಚ್ಚಿಡಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಿಕ್ಕಿಸಿ.

ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್‌ನಲ್ಲಿ ಅಪ್‌ಗ್ರೇಡ್ ಬಂದಿದ್ದರೆ ಅಲ್ಲಿಂದಲೇ ಮಾಡಿ. ಬಂದಿಲ್ಲದಿದ್ದರೆ ಮೈಕ್ರೋಸಾಫ್ಟ್ ಸೈಟಿನಿಂದ ಇನ್‌ಸ್ಟಾಲೇಷನ್ ಅಸಿಸ್ಟೆಂಟ್ ಅಥವಾ ಐಎಸ್‌ಒ ಇಳಿಸಿಕೊಳ್ಳಿ. ಐಎಸ್‌ಒ ಆದರೆ ಅದನ್ನು ವಿಂಡೋಸ್ ಒಳಗಿಂದಲೇ ತೆರೆದು ಸೆಟಪ್ ಓಡಿಸಬೇಕು. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೆ (ಕಂಪ್ಯೂಟರನ್ನು ಅದರಿಂದಲೇ ಶುರು ಮಾಡಿದರೆ) ನಿಮ್ಮ ಪ್ರೋಗ್ರಾಂಗಳನ್ನು ಉಳಿಸಿಕೊಳ್ಳುವ ಅಪ್‌ಗ್ರೇಡ್ ಆಗುವುದಿಲ್ಲ. ಸೆಟಪ್ ಕೊನೆಯಲ್ಲಿ ಏನು ಉಳಿಸಿಕೊಳ್ಳುತ್ತದೆ ಅಂತ ತೋರಿಸುತ್ತದೆ. ಫೈಲುಗಳ ಜೊತೆ 'ಆಪ್ಸ್' ಅನ್ನುವುದೂ ಅಲ್ಲಿ ಇದೆಯಾ ಓದಿ, ಆಮೇಲೆ ಇನ್‌ಸ್ಟಾಲ್ ಒತ್ತಿ. ನಡುವೆ ಎರಡು ಮೂರು ಸಲ ರೀಸ್ಟಾರ್ಟ್ ಆಗುತ್ತದೆ, ಪರ್ಸೆಂಟ್ ಒಂದೇ ಕಡೆ ತುಂಬಾ ಹೊತ್ತು ನಿಲ್ಲುತ್ತದೆ. ಬಟನ್ ಒತ್ತಿ ಆಫ್ ಮಾಡಬೇಡಿ.

ಮುಗಿದ ಮೇಲೆ ಹಳೆಯದಕ್ಕೆ ವಾಪಸ್ ಹೋಗಲು 10 ದಿನ ಸಮಯ ಇರುತ್ತದೆ. ಸೆಟ್ಟಿಂಗ್ಸ್‌ನ ರಿಕವರಿ ಪುಟದಲ್ಲಿ 'ಗೋ ಬ್ಯಾಕ್' ಇದೆ. ಆ 10 ದಿನದಲ್ಲಿ ಪ್ರಿಂಟರ್, ಸ್ಕ್ಯಾನರ್, ವಿಡಿಯೋ ಕಾಲ್, ಕೆಲಸದ ಸಾಫ್ಟ್‌ವೇರ್ ಎಲ್ಲವನ್ನೂ ಒಮ್ಮೆ ಬೇಕಂತಲೇ ಬಳಸಿ ನೋಡಿ. ಅಲ್ಲಿಯ ತನಕ ಡಿಸ್ಕ್ ಕ್ಲೀನಪ್‌ನಲ್ಲಿ 'ಹಿಂದಿನ ವಿಂಡೋಸ್ ಇನ್‌ಸ್ಟಾಲೇಷನ್' ಅಳಿಸಬೇಡಿ, ಅಳಿಸಿದರೆ ವಾಪಸ್ ಹೋಗುವ ದಾರಿ ಮುಚ್ಚಿತು. ಹಿಂದಕ್ಕೆ ಹೋದರೆ, ಅಪ್‌ಗ್ರೇಡ್ ಆದ ಮೇಲೆ ಹಾಕಿದ ಪ್ರೋಗ್ರಾಂಗಳನ್ನು ಮತ್ತೆ ಹಾಕಿಕೊಳ್ಳಬೇಕಾಗುತ್ತದೆ.

## ಕ್ಲೀನ್ ಇನ್‌ಸ್ಟಾಲ್ ಮಾಡುವುದು

8 ಜಿಬಿಯ ಪೆನ್‌ಡ್ರೈವ್ ಬೇಕು. ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್ ಅನ್ನುವ ಪ್ರೋಗ್ರಾಂ ಅದರಲ್ಲಿರುವುದನ್ನೆಲ್ಲ ಅಳಿಸಿ ವಿಂಡೋಸ್ ತುಂಬುತ್ತದೆ, ಹಾಗಾಗಿ ಖಾಲಿ ಇರುವುದನ್ನೇ ಕೊಡಿ. ಇನ್ನೊಂದು ಪೆನ್‌ಡ್ರೈವ್‌ನಲ್ಲಿ ನಿಮ್ಮ ಕಂಪ್ಯೂಟರ್ ಮಾಡೆಲ್‌ನ ವೈಫೈ ಮತ್ತು ಲ್ಯಾನ್ ಡ್ರೈವರ್ ಇಟ್ಟುಕೊಳ್ಳಿ. ಈಗಿನ ಸೆಟಪ್ ನೆಟ್ ಮತ್ತು ಮೈಕ್ರೋಸಾಫ್ಟ್ ಅಕೌಂಟ್ ಎರಡನ್ನೂ ಕೇಳುತ್ತದೆ. ವೈಫೈ ಸಿಗದಿದ್ದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಸೇರಿಸಿ, ಅದರ ನೆಟ್ಟನ್ನು ಕಂಪ್ಯೂಟರಿಗೆ ಕೊಡುವ ಯುಎಸ್‌ಬಿ ಟೆದರಿಂಗ್ ಆನ್ ಮಾಡುವ ಉಪಾಯ ಹಲವು ಸಲ ಕೆಲಸಕ್ಕೆ ಬರುತ್ತದೆ.

ಒಂದಕ್ಕಿಂತ ಜಾಸ್ತಿ ಡಿಸ್ಕ್ ಇರುವ ಡೆಸ್ಕ್‌ಟಾಪ್ ಆದರೆ, ವಿಂಡೋಸ್ ಹಾಕುವ ಡಿಸ್ಕ್ ಬಿಟ್ಟು ಉಳಿದವುಗಳ ಕೇಬಲ್ ತೆಗೆಯಿರಿ. ಇದರಿಂದ ತಪ್ಪು ಡಿಸ್ಕ್ ಅಳಿಸುವ ಭಯ ಇರುವುದಿಲ್ಲ. ಬೂಟ್ ಫೈಲುಗಳು ಇನ್ನೊಂದು ಡಿಸ್ಕಿನಲ್ಲಿ ಹೋಗಿ ಕೂರುವುದೂ ತಪ್ಪುತ್ತದೆ.

ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಪ್ರಾಡಕ್ಟ್ ಕೀ ಕೇಳಿದಾಗ 'ನನ್ನ ಬಳಿ ಕೀ ಇಲ್ಲ' ಅನ್ನುವುದನ್ನು ಆರಿಸಿ ಮುಂದೆ ಹೋಗಬಹುದು. ಇದೇ ಕಂಪ್ಯೂಟರಿನಲ್ಲಿ ಮೊದಲೇ ಆಕ್ಟಿವೇಟ್ ಆಗಿದ್ದರೆ ಡಿಜಿಟಲ್ ಲೈಸೆನ್ಸ್ ಹಾರ್ಡ್‌ವೇರಿಗೆ ಅಂಟಿರುತ್ತದೆ, ನೆಟ್ ಸಿಕ್ಕ ಮೇಲೆ ತಾನಾಗಿ ಆಕ್ಟಿವೇಟ್ ಆಗುತ್ತದೆ. ಆದರೆ ಹೋಮ್ ಇದ್ದರೆ ಹೋಮ್, ಪ್ರೊ ಇದ್ದರೆ ಪ್ರೊ, ಮೊದಲಿದ್ದದ್ದನ್ನೇ ಆರಿಸಬೇಕು.

ಈಗ ಎಲ್ಲರೂ ತಡವರಿಸುವ ಪರದೆ ಬರುತ್ತದೆ. ಡಿಸ್ಕ್ 0 ಪಾರ್ಟಿಷನ್ 1, ಪಾರ್ಟಿಷನ್ 2 ಅಂತ ನಾಲ್ಕೈದು ಸಾಲು ಇರುತ್ತವೆ. ಸಿ, ಡಿ ಅನ್ನುವ ಅಕ್ಷರ ಅಲ್ಲಿ ಕಾಣುವುದಿಲ್ಲ, ಗಾತ್ರ ನೋಡಿಯೇ ಗುರುತಿಸಬೇಕು. 100 ಎಂಬಿ ಆಸುಪಾಸಿನದು ಬೂಟ್ ಮಾಡಿಸುವ ಸಿಸ್ಟಂ ಪಾರ್ಟಿಷನ್, 16 ಎಂಬಿಯದು ವಿಂಡೋಸ್ ಕಾದಿರಿಸಿದ್ದು, ಕೆಲವು ನೂರು ಎಂಬಿಯದು ರಿಕವರಿ, ದೊಡ್ಡದು ಸಿ. ಪೂರ್ತಿ ಬ್ಯಾಕಪ್ ಇದ್ದರೆ ಆ ಡಿಸ್ಕಿನ ಎಲ್ಲ ಪಾರ್ಟಿಷನ್‌ಗಳನ್ನೂ ಒಂದೊಂದಾಗಿ ಡಿಲೀಟ್ ಮಾಡಿ. ಕೊನೆಗೆ 'ಅನ್‌ಅಲೊಕೇಟೆಡ್ ಸ್ಪೇಸ್' ಅನ್ನುವ ಒಂದೇ ಸಾಲು ಉಳಿಯುತ್ತದೆ. ಅದನ್ನು ಆರಿಸಿ ನೆಕ್ಸ್ಟ್ ಒತ್ತಿ, ಬೇಕಾದ ಪಾರ್ಟಿಷನ್‌ಗಳನ್ನು ವಿಂಡೋಸ್ ತಾನೇ ಮಾಡಿಕೊಳ್ಳುತ್ತದೆ. ಅದೇ ಡಿಸ್ಕಿನಲ್ಲಿ ಡಿ ಡ್ರೈವ್ ಉಳಿಸಿಕೊಳ್ಳಬೇಕಿದ್ದರೆ ಅದರ ಗಾತ್ರವನ್ನು ಮೊದಲೇ ಬರೆದಿಟ್ಟುಕೊಂಡು ಆ ಸಾಲನ್ನು ಮುಟ್ಟಬೇಡಿ.

ಡಿಸ್ಕೇ ಕಾಣುತ್ತಿಲ್ಲವಾ? ಹಾಳಾಗಿದೆ ಅಂತ ಗಾಬರಿಯಾಗಬೇಡಿ. ಇಂಟೆಲ್ 11ನೇ ತಲೆಮಾರು ಮತ್ತು ಆಮೇಲಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಅನ್ನುವ ವ್ಯವಸ್ಥೆ ಆನ್ ಇರುತ್ತದೆ, ಅದರ ಡ್ರೈವರ್ ಇಲ್ಲದೆ ಸೆಟಪ್‌ಗೆ ಡಿಸ್ಕ್ ಕಾಣುವುದಿಲ್ಲ. ತಯಾರಕರ ಸೈಟಿನಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ತಂದು, ಬಿಡಿಸಿ (ಎಕ್ಸ್‌ಟ್ರಾಕ್ಟ್ ಮಾಡಿ) ಪೆನ್‌ಡ್ರೈವ್‌ಗೆ ಹಾಕಿ, 'ಲೋಡ್ ಡ್ರೈವರ್' ಒತ್ತಿ ತೋರಿಸಿದರೆ ಸರಿಹೋಗುತ್ತದೆ.

ಡೆಸ್ಕ್‌ಟಾಪ್ ಕಂಡ ಮೇಲೆ ಮೊದಲು ವಿಂಡೋಸ್ ಅಪ್‌ಡೇಟ್ ಪೂರ್ತಿ ಮುಗಿಸಿ. ಬಹಳಷ್ಟು ಡ್ರೈವರ್ ಅದರಲ್ಲೇ ಬರುತ್ತವೆ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಉಳಿದಿದ್ದರೆ ಅದಕ್ಕೆ ಮಾತ್ರ ತಯಾರಕರ ಸೈಟಿಗೆ ಹೋಗಿ. ಹೊಸ ಇನ್‌ಸ್ಟಾಲ್‌ನಲ್ಲಿ ಡಿಸ್ಕ್ ಮತ್ತೆ ಎನ್‌ಕ್ರಿಪ್ಟ್ ಆಗಿ ಹೊಸ ರಿಕವರಿ ಕೀ ಬಂದಿರಬಹುದು, ಅದನ್ನೂ ಬರೆದಿಡಿ. ಹಳೇ ಪ್ರೋಗ್ರಾಂಗಳನ್ನು ಒಂದೇ ದಿನ ತುಂಬಬೇಡಿ. ಬೇಕಾದಾಗ ಒಂದೊಂದೇ ಹಾಕಿ. ವೈರಸ್ ಕಾರಣಕ್ಕೆ ಅಳಿಸಿದ್ದರೆ ಬ್ಯಾಕಪ್ ಫೈಲುಗಳನ್ನು ಸ್ಕ್ಯಾನ್ ಮಾಡಿಯೇ ಒಳಗೆ ತನ್ನಿ. ಅದರಲ್ಲಿದ್ದ ಹಳೇ ಸೆಟಪ್ ಫೈಲುಗಳನ್ನು ಬಿಟ್ಟು, ಹೊಸದಾಗಿ ಇಳಿಸಿಕೊಳ್ಳಿ.

## ಉಬುಂಟು ಮತ್ತು ಮ್ಯಾಕ್ ಬಳಸುವವರಿಗೆ

ಉಬುಂಟು (ಲಿನಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಂ) ಎಲ್‌ಟಿಎಸ್, ಅಂದರೆ ದೀರ್ಘ ಬೆಂಬಲದ ಆವೃತ್ತಿ, 2 ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುತ್ತದೆ, 5 ವರ್ಷ ಬೆಂಬಲ ಇರುತ್ತದೆ. ಒಂದು ಎಲ್‌ಟಿಎಸ್‌ನಿಂದ ಇನ್ನೊಂದಕ್ಕೆ ಅಪ್‌ಗ್ರೇಡ್ ಸೂಚನೆ ಬರುವುದು ಹೊಸದರ ಮೊದಲ ತಿದ್ದುಪಡಿ ಆವೃತ್ತಿ ಬಂದ ಮೇಲೆ. ಉದಾಹರಣೆಗೆ 22.04 ಬಳಸುವವರಿಗೆ ಅದು 24.04.1 ಆದ ಮೇಲೆ ಬಂತು. ಬೇಗ ಬಂದಿಲ್ಲ ಅಂತ ಬಲವಂತ ಮಾಡದೆ ಕಾಯುವುದು ಒಳ್ಳೆಯದು. ಹೊರಗಿನ ಪಿಪಿಎಗಳನ್ನು (ಉಬುಂಟುವಿನದಲ್ಲದ ಸಾಫ್ಟ್‌ವೇರ್ ಮೂಲಗಳು) ಅಪ್‌ಗ್ರೇಡ್ ನಿಷ್ಕ್ರಿಯ ಮಾಡುತ್ತದೆ, ಆಮೇಲೆ ಒಂದೊಂದಾಗಿ ನೋಡಿ ಸೇರಿಸಬೇಕು. ಹತ್ತಾರು ಪಿಪಿಎ ಹಾಕಿಕೊಂಡವರಿಗೆ ಕ್ಲೀನ್ ಇನ್‌ಸ್ಟಾಲ್ ಸಲೀಸು. ನಿಮ್ಮ ಫೈಲುಗಳಿರುವ ಹೋಮ್ ಪಾರ್ಟಿಷನ್ ಬೇರೆ ಇದ್ದರೆ ಅದನ್ನು ಫಾರ್ಮ್ಯಾಟ್ ಮಾಡದೆ ಹಾಗೇ ಜೋಡಿಸಿಕೊಳ್ಳಬಹುದು.

ಮ್ಯಾಕ್‌ನಲ್ಲಿ ಅಪ್‌ಗ್ರೇಡ್ ಸಾಕು. 2020ರ ಬಿಗ್ ಸರ್ ಆವೃತ್ತಿಯಿಂದ ಈಚೆಗೆ ಸಿಸ್ಟಂ ಫೈಲುಗಳು ಮುದ್ರೆ ಹಾಕಿದ ಬೇರೆ ವಾಲ್ಯೂಮ್‌ನಲ್ಲಿ (ಡಿಸ್ಕಿನ ಬೇರೆ ಭಾಗದಲ್ಲಿ) ಇರುತ್ತವೆ, ನಿಮ್ಮ ಪ್ರೋಗ್ರಾಂಗಳು ಅವನ್ನು ಮುಟ್ಟಲಾರವು. ಹಾಗಾಗಿ ಅಳಿಸಿ ಹಾಕಿದರೆ ಸಿಗುವ ಲಾಭ ಕಡಿಮೆ. ಕಂಪ್ಯೂಟರನ್ನು ಬೇರೆಯವರಿಗೆ ಕೊಡುವಾಗ 'ಇರೇಸ್ ಆಲ್ ಕಂಟೆಂಟ್ ಅಂಡ್ ಸೆಟ್ಟಿಂಗ್ಸ್' ಬಳಸಿ. ಟಿ2 ಚಿಪ್ ಅಥವಾ ಆಪಲ್ ಸಿಲಿಕಾನ್ ಇರುವ ಮ್ಯಾಕ್‌ಗಳಲ್ಲಿ ಮಾಂಟೆರೇ ಆವೃತ್ತಿಯಿಂದ ಈ ಸೌಲಭ್ಯ ಇದೆ. ಅದಕ್ಕೂ ಮುಂಚೆ ಮ್ಯಾಕ್‌ನ ಬ್ಯಾಕಪ್ ಪ್ರೋಗ್ರಾಂ ಆದ ಟೈಮ್ ಮೆಷೀನ್‌ನಲ್ಲಿ ಒಂದು ಪ್ರತಿ ತೆಗೆದಿರಬೇಕು.

ವಿಂಡೋಸ್ ಆಗಲಿ, ಬೇರೆ ಆಗಲಿ, ಬ್ಯಾಕಪ್ ಇರುವ ಡಿಸ್ಕನ್ನು ಎಲ್ಲ ಸರಿಯಾಯಿತು ಅನ್ನಿಸಿದ ದಿನವೇ ಖಾಲಿ ಮಾಡಬೇಡಿ. ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಮಾತ್ರ ತೆರೆಯುವ ಫೈಲುಗಳು ಎಲ್ಲರ ಬಳಿಯೂ ಇರುತ್ತವೆ. ಅವುಗಳ ಸರದಿ ಬಂದು ಹೋಗುವ ತನಕ ಆ ಡಿಸ್ಕು ಹಾಗೇ ಇರಲಿ.